ಹಗ್ಗದ ಹಿಂದೆ ನಿಂತವರು

ನಮ್ಮ ಎದುರುಮನೆಯ ಓಮಾ ನಿಂತರೆಂದರೆ ಒಂದೇ ಕಾಲಿನ ಮೇಲೆ ನಿಲ್ಲುತ್ತಿದ್ದರು. ಎಡಗಾಲು ನೆಲದ ಮೇಲಿರುತ್ತಿತ್ತು. ಬಲಗಾಲು ಚಪ್ಪಲಿಯಿಂದ ಮೆಲ್ಲಗೆ ಜಾರಿ ಹೊರಬಂದು ಎಡಗಾಲಿನ ಮೀನಖಂಡವನ್ನು ಉಜ್ಜುತ್ತ ಅಲ್ಲೇ ಅಂಟಿಕೊಳ್ಳುತ್ತಿತ್ತು. ಎಂಬತ್ತು ದಾಟಿದ ಹೆಂಗಸು. ಒಲೆಯ ಮುಂದೆಯೂ ಹಾಗೇ, ಬಸ್ಸಿಗೆ ಕಾಯುವಾಗಲೂ ಹಾಗೇ, ಕಸದ ಡಬ್ಬಿಯನ್ನು ಬೀದಿಗೆ ತಂದಿಟ್ಟು ನನ್ನೊಡನೆ ಮಾತಾಡುವಾಗಲೂ ಹಾಗೇ, ಕೆರೆಯಂಚಿನ ಕೊಕ್ಕರೆಯಂತೆ. ಎಲ್ಲಿ ಬಿದ್ದುಬಿಡುತ್ತಾರೋ ಎಂದು ನಾನೊಂದು ಕೈ ಚಾಚಿಯೇ ಇರುತ್ತಿದ್ದೆ. "ಎರಡೂ ಕಾಲು ಊರಿ" ಎಂದರೆ, "ಇನ್ನೊಂದಕ್ಕೆ ರಜೆ ಬೇಡವೇ?" ಎನ್ನುತ್ತಿದ್ದರು.

ಆ ಕಾಲಿನ ಹಿಂದಿನ ಕಥೆಯನ್ನು ಅವರು ನನ್ನನ್ನು ನಂಬಿ ಹೇಳಿದರು. ಅದು ನನ್ನ ಬಾಯಲ್ಲಿ ಉಳಿಯಬೇಕಿತ್ತು, ಉಳಿಯಲಿಲ್ಲ. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ನನಗೂ ವಯಸ್ಸಾಯಿತು. ಹೇಳದೆ ಹೋಗಿಬಿಡುತ್ತೇನೇನೋ ಎಂಬ ದಿಗಿಲಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಒಂದು ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದೆ. ಕ್ಯಾಬಿನ್ನಿನಲ್ಲಿ ನಿಂತು ಎರಡು ಪ್ರೊಜೆಕ್ಟರುಗಳನ್ನು ನಡೆಸುವುದು ನನ್ನ ಕೆಲಸ. ಹೆಂಡತಿ ಹೋದ ಮೇಲೆ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿರುವ ಮಗಳ ಮನೆಗೆ ಬಂದೆ. ಓಮಾ ಎಂದರೆ ಡಚ್ಚಿನಲ್ಲಿ ಅಜ್ಜಿ. ಬೀದಿಯ ಮಕ್ಕಳೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು. ನನಗಿಂತ ಎಂಟೇ ವರ್ಷ ದೊಡ್ಡವರಾದರೂ ನಾನೂ ಹಾಗೇ ಕರೆದೆ. ಅವರ ಇಂಗ್ಲಿಷ್ ಚೆನ್ನಾಗಿತ್ತು, ನನ್ನದು ಮುರುಕು. ನನಗೋಸ್ಕರ ಅವರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡುತ್ತಿದ್ದರು. ಅವನ್ನೇ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲೊಂದು ಸಮುದಾಯದ ಮನೆಯಿದೆ. ಅಲ್ಲಿ ಪ್ರತಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಓಮಾ ಹಳೆಯ ಸಿನಿಮಾ ತೋರಿಸುತ್ತಿದ್ದರು. ಮಗಳ ಒತ್ತಾಯಕ್ಕೆ ಒಂದು ಸಲ ಹೋದೆ. ಸಿನಿಮಾ ಮಾತು ಕಲಿತ ಹೊಸದರಲ್ಲಿ ಬಂದ ಹಾಲಿವುಡ್ ಚಿತ್ರ, ಕಪ್ಪು ಬಿಳುಪು. ಮಂಡಕ್ಕಿ ಹುರಿದಂತೆ ಚರಚರ ಸದ್ದು. ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಹೋಯಿತು. ನನಗೆ ಗೊತ್ತಿಲ್ಲದೆಯೇ ನನ್ನ ಬಲಗೈ ಮೇಲೆದ್ದಿತು.

ರೀಲು ಮುಗಿಯುತ್ತ ಬಂದಾಗ ಮೂಲೆಯಲ್ಲಿ ಎರಡು ಸಲ ಚುಕ್ಕಿ ಬರುತ್ತದೆ. ಮೊದಲನೆಯದಕ್ಕೆ ಇನ್ನೊಂದು ಪ್ರೊಜೆಕ್ಟರಿನ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡಿನ ಮೇಲೆ ಎರಡನೆಯದು ಬಂದಾಗ ಬೆಳಕನ್ನು ಬದಲಾಯಿಸಬೇಕು. ತಪ್ಪಿದರೆ ಪರದೆ ಬೆಳ್ಳಗಾಗುತ್ತದೆ, ಜನ ಸಿಳ್ಳೆ ಹಾಕುತ್ತಾರೆ. ಮೂವತ್ತೊಂದು ವರ್ಷ ಆ ಸೆಕೆಂಡುಗಳ ಭಯದಲ್ಲೇ ಬದುಕಿದ ಕೈ ಅದು.

ಪಕ್ಕದಲ್ಲಿದ್ದ ಓಮಾ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಇಲ್ಲಿ ಇನ್ನೊಂದು ಯಂತ್ರ ಇಲ್ಲ. ಇದು ಕಂಪ್ಯೂಟರು. ಆರಾಮಾಗಿರಿ" ಎಂದರು. ಅಂದಿನಿಂದ ನಮ್ಮಿಬ್ಬರಿಗೆ ಅದೊಂದು ಆಟವಾಯಿತು. ಚುಕ್ಕಿ ಬಂದೊಡನೆ ನನ್ನ ಕೈ ಏಳುವುದು, ಅವರು ತಟ್ಟಿ ಇಳಿಸುವುದು.

ಅವರು ತೋರಿಸುತ್ತಿದ್ದುದು ಒಂದೇ ಬಗೆಯ ಸಿನಿಮಾ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎಲ್ಲದರಲ್ಲೂ ಒಂದು ಡ್ಯಾನ್ಸ್ ಹಾಲು. ಅಂಗಡಿಗಳ ಮೇಲಿನ ಮಾಳಿಗೆ, ಕಾಗದದ ತೋರಣ, ಸುಸ್ತಾದ ಬ್ಯಾಂಡು. ಹಗ್ಗ ಕಟ್ಟಿ ಅದರ ಹಿಂದೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಗಂಡಸರು ಟಿಕೆಟ್ ಕೊಂಡು ಬಂದು ಇಷ್ಟವಾದವಳ ಕೈಗೆ ಒಂದು ಟಿಕೆಟ್ ಕೊಟ್ಟರೆ ಅವಳು ಒಂದು ಹಾಡಿಗೆ ಜೊತೆಯಾಗಿ ಕುಣಿಯಬೇಕು. ಗಂಟೆ ಬಾರಿಸಿದೊಡನೆ ಆ ಹಾಡು ಮುಗಿಯಿತು, ಇನ್ನೊಬ್ಬ, ಇನ್ನೊಂದು ಟಿಕೆಟ್. ಓಡಿದಷ್ಟಕ್ಕೆ ಬಾಡಿಗೆ ಕೊಡುವ ಟ್ಯಾಕ್ಸಿಯ ಹಾಗೆ. ಅದಕ್ಕೇ ಅವರನ್ನು ಟ್ಯಾಕ್ಸಿ ಡ್ಯಾನ್ಸರ್‌ಗಳು ಎನ್ನುತ್ತಿದ್ದರಂತೆ.

ಸಿನಿಮಾಗಳೇನೂ ಅಂಥ ದೊಡ್ಡವಲ್ಲ. ಮೈಕನ್ನು ಹೂದಾನಿಯಲ್ಲಿ ಬಚ್ಚಿಟ್ಟಿರುತ್ತಿದ್ದರೋ ಏನೋ, ಪಾತ್ರಗಳೆಲ್ಲ ಬಂದು ಹೂದಾನಿಯ ಸುತ್ತಲೇ ನಿಂತು ಮಾತಾಡುತ್ತಿದ್ದವು. ನಾಯಕಿ ಬಾಯಿ ತೆರೆದೊಡನೆ ಬ್ಯಾಂಡಿನ ಸದ್ದು ಮಾಯ, ಬ್ಯಾಂಡಿನವರು ಮಾತ್ರ ಊದುತ್ತಲೇ ಇರುತ್ತಿದ್ದರು. ನಾನು ನಗುತ್ತಿದ್ದೆ. ಓಮಾ ನಗುತ್ತಿರಲಿಲ್ಲ. ಪ್ರತಿ ಸಲವೂ ಆರಂಭದಲ್ಲಿ ಒಂದೇ ಕಾಲಿನ ಮೇಲೆ ನಿಂತು ಒಂದೇ ಮಾತು ಹೇಳುತ್ತಿದ್ದರು: "ನಾಯಕಿಯನ್ನು ಎಲ್ಲರೂ ನೋಡುತ್ತಾರೆ. ನೀವು ಹಗ್ಗದ ಹಿಂದೆ ನಿಂತವರನ್ನು ನೋಡಿ."

ಮುಂದಿನ ಸಾಲಿನ ತುದಿಯ ಕುರ್ಚಿಯ ಮೇಲೆ ತಮ್ಮ ನೀಲಿ ಸ್ಕಾರ್ಫ್ ಹಾಸಿ ಜಾಗ ಹಿಡಿದಿಡುತ್ತಿದ್ದರು. ಅದು ಅವರ ತಮ್ಮನಿಗೆ. ಮಾಸ್ಟ್ರಿಕ್ಟ್ ಹತ್ತಿರದ ಹಳ್ಳಿಯೊಂದರ ಚರ್ಚಿನಲ್ಲಿ ಆರ್ಗನ್ ನುಡಿಸಿ ನಿವೃತ್ತರಾದವರು, ತುಂಬ ದೈವಭಕ್ತರು. ಪ್ರತಿ ತಿಂಗಳೂ ರೈಲು ಹತ್ತಿ ಬಂದು, ಸಿನಿಮಾ ಮುಗಿದ ಮೇಲೆ "ಈ ಕಸ ನಿನಗೆ ಎಲ್ಲಿ ಸಿಗುತ್ತದೆ?" ಎಂದು ಅಕ್ಕನನ್ನು ರೇಗಿಸಿ, ಕೆನ್ನೆಗೆ ಮೂರು ಮುತ್ತು ಕೊಟ್ಟು ಹೊರಡುತ್ತಿದ್ದರು.

ಒಂದು ದಿನ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಓಮಾ ಗುಂಡಿಗಳ ಡಬ್ಬಿಯೊಂದನ್ನು ತಂದು ಮುಂದಿಟ್ಟರು. ತಳದಲ್ಲಿ ಮಾಸಿದ ಗುಲಾಬಿ ಬಣ್ಣದ ಟಿಕೆಟ್ಟುಗಳ ಒಂದು ಪಟ್ಟಿಯಿತ್ತು, ಹರಿಯದೆ ಉಳಿದದ್ದು.

"ನನ್ನ ತಾಯಿಯವು" ಎಂದರು. "ಹತ್ತೊಂಬತ್ತು ವರ್ಷಕ್ಕೆ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದಳು. ಪಾದ್ರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅದು ಮೂರೇ ತಿಂಗಳು. ಆಮೇಲೆ ನಾಲ್ಕು ವರ್ಷ ಹಗ್ಗದ ಹಿಂದೆ."

ಅವರು ಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಸವರಿದರು.

"ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಆ ಹುಡುಗಿಯರು ಶೂ ಕಳಚಿ ಒಂದೊಂದೇ ಕಾಲಿಗೆ ರಜೆ ಕೊಡುತ್ತಿದ್ದರಂತೆ. ಅಮ್ಮ ಊರಿಗೆ ಮರಳಿ ಮದುವೆಯಾಗಿ ನಮ್ಮನ್ನು ಹೆತ್ತ ಮೇಲೂ ಒಲೆ ಮುಂದೆ ಹಾಗೇ ನಿಲ್ಲುತ್ತಿದ್ದಳು. ನೋಡಿ ನೋಡಿ ನನಗೂ ಬಂತು. ಸಿನಿಮಾದಲ್ಲಿ ಎಲ್ಲರಿಗೂ ಕೊನೆಯಲ್ಲಿ ಒಬ್ಬ ಒಳ್ಳೆಯ ಗಂಡಸು ಬಂದು ಕೈ ಹಿಡಿದು ಮೆಟ್ಟಿಲಿಳಿಸುತ್ತಾನೆ. ನಮ್ಮಮ್ಮ ಒಬ್ಬಳೇ ಇಳಿದಳು. ಅವಳ ಒಂದು ಫೋಟೋವೂ ಇಲ್ಲ ಅಲ್ಲಿಯದು. ಅದಕ್ಕೇ ಆ ಸಿನಿಮಾಗಳ ಹಿಂದಿನ ಸಾಲಿನಲ್ಲಿ ಹುಡುಕುತ್ತೇನೆ. ಅವಳನ್ನಲ್ಲ, ಅವಳ ಹಾಗೆ ನಿಂತವರನ್ನು."

ಡಬ್ಬಿ ಮುಚ್ಚಿ, "ಇದು ನನ್ನ ತಮ್ಮನಿಗೆ ಗೊತ್ತಿಲ್ಲ. ಅಮ್ಮ ಅಲ್ಲಿದ್ದಷ್ಟು ದಿನವೂ ಪಾದ್ರಿಯ ಮನೆಯಲ್ಲೇ ಇದ್ದಳು ಎಂದು ನಂಬಿದ್ದಾನೆ. ಮೊಮ್ಮಕ್ಕಳಿಗೂ ಹಾಗೇ ಹೇಳುತ್ತಾನೆ. ಹಾಗೇ ನಂಬಿಕೊಂಡು ಹೋಗಲಿ. ನಿಮಗೆ ಹೇಳಿದೆ. ನೀವು ಕತ್ತಲಲ್ಲಿ ಕೆಲಸ ಮಾಡಿದವರು" ಎಂದರು.

ನಾನು ತಲೆಯಾಡಿಸಿದೆ. ಮಾತು ಕೊಟ್ಟ ಹಾಗೆಯೇ ಅದು.

ನನ್ನ ಹುಟ್ಟಿದ ದಿನ ಜೂನ್ ಒಂದು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ತಾರೀಖು. ನಿಜವಾದ ದಿನ ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ಯಾರೂ ಆಚರಿಸಿಯೂ ಇರಲಿಲ್ಲ. ಓಮಾ ಎಂದೋ ಕೇಳಿ ತಿಳಿದುಕೊಂಡಿದ್ದರು. ಆ ಜೂನ್ ಒಂದರಂದು ಕರೆದು, ಸೇಬಿನ ಕೇಕು ಕೊಯ್ದು, ಕೈ ಕುಲುಕಿ ಅಭಿನಂದಿಸಿದರು. ಸಂತೋಷಕ್ಕೆ ನನ್ನ ಪಾಲಿನ ಅರ್ಧವನ್ನು ಒಂದೇ ಬಾಯಿಗೆ ತಿಂದೆ. ಆಮೇಲೆ ಅವರ ಕಕ್ಕಸಿಗೆ ಹೋದೆ.

ಕೂತರೆ ಕಣ್ಣಿಗೆ ನೇರವಾಗಿ ಒಂದು ಕ್ಯಾಲೆಂಡರು. ಜೂನ್ ಪುಟ. ಒಂದು ಎಂಬ ಅಂಕಿಯ ಮುಂದೆ ನೀಲಿ ಶಾಯಿಯಲ್ಲಿ ನನ್ನ ಹೆಸರು.

ನನ್ನದು ದೇವರ ಹೆಸರು. ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಆ ಹೆಸರನ್ನು ತಂದು ಕಕ್ಕಸಿನ ಗೋಡೆಗೆ ನೇತುಹಾಕಿದ್ದಾರೆ! ಮೈ ಉರಿಯಿತು. ಹೊರಗೆ ಬಂದವನು ಉಳಿದ ಕೇಕನ್ನು ಮುಟ್ಟದೆ, ತಲೆನೋವೆಂದು ಹೇಳಿ ಮನೆಗೆ ಬಂದೆ. ಮಗಳಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು.

ಮಾರನೆಯ ಬೆಳಗ್ಗೆ ಪಾರ್ಕಿನಲ್ಲಿ ನನ್ನ ವಾಕಿಂಗಿನ ಜೊತೆಗಾರರು ಸಿಕ್ಕರು. ಹುಬ್ಬಳ್ಳಿಯವರು, ಅಂಚೆ ಇಲಾಖೆಯಿಂದ ನಿವೃತ್ತರಾಗಿ ಇಲ್ಲಿ ಮಗ ಸೊಸೆಯ ಜೊತೆ ಇರುವವರು.

"ಏನ್ರೀ ಆಪರೇಟರ್ ಸಾಹೇಬ್ರ, ಮಾರಿ ಯಾಕ ಹಿಂಗ ಗಂಟ್ ಹಾಕ್ಕೊಂಡೀರಿ?" ಎಂದರು. "ನಿಮ್ಮ ಎದುರಮನಿ ಅಜ್ಜಿ ಸಿನಿಮಾ ತೋರಸ್ಲಿಲ್ಲೇನು?"

ಅಷ್ಟು ಸಾಕಾಯಿತು. "ಅವರೇನು ಮಹಾ ದೊಡ್ಡ ಮನುಷ್ಯರೇನ್ರೀ? ಅವರಮ್ಮ ಅಮೆರಿಕದಲ್ಲಿ ಟಿಕೆಟ್ಟಿಗೆ ಕುಣೀತಿದ್ದೋಳು" ಎಂದೆ. ಟಿಕೆಟ್ಟಿನ ಪಟ್ಟಿಯನ್ನೂ ಹೇಳಿದೆ, ಹಗ್ಗವನ್ನೂ ಹೇಳಿದೆ. ಆ ತಾಯಿಗೆ ಒಂದು ಶಬ್ದ ಬಳಸಿದೆ. ಅದನ್ನು ಇಲ್ಲಿ ಬರೆಯಲಾರೆ. ಹೇಳಿದಾಗ ನಾಲಿಗೆಗೆ ಹಿತವಾಗಿತ್ತು ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ.

ಹತ್ತು ದಿನ ಓಮಾರ ಮನೆಗೆ ಹೋಗಲಿಲ್ಲ. ಮಗಳು ಒಂದು ಸಂಜೆ ಊಟದ ಮೇಜಿನಲ್ಲಿ ಹಿಡಿದಳು. "ಅಪ್ಪಾ, ಏನು ಜಗಳನಾ ಓಮಾ ಜೊತೆ? ನಿಮಗೆ ಮೈ ಹುಷಾರಿಲ್ವಾ ಅಂತ ನನ್ನ ಕೇಳಿದ್ರು."

ಹೇಳಿದೆ. ಅವಳು ಚಮಚ ಕೆಳಗಿಟ್ಟು ನಗತೊಡಗಿದಳು.

"ಅಯ್ಯೋ ಅಪ್ಪಾ! ಇಲ್ಲಿ ಎಲ್ಲರ ಮನೇಲೂ ಬರ್ತ್‌ಡೇ ಕ್ಯಾಲೆಂಡರ್ ಟಾಯ್ಲೆಟ್‌ನಲ್ಲೇ ಇರತ್ತೆ. ದಿನಾ ಕೂತಾಗ ಕಣ್ಣಿಗೆ ಬೀಳತ್ತಲ್ಲ, ಮರೆಯಲ್ಲ ಅಂತ. ಅದಕ್ಕೆ ವರ್ಷ, ವಾರ ಏನೂ ಇರಲ್ಲ, ಅದೇ ಕ್ಯಾಲೆಂಡರ್ ಜೀವನಪೂರ್ತಿ. ಸುಮ್‌ಸುಮ್ನೆ ಯಾರ ಹೆಸರೂ ಬರೆಯಲ್ಲ ಅದ್ರಲ್ಲಿ. ಮನೆಯವರು, ತುಂಬ ಹತ್ತಿರದವರು ಅಷ್ಟೇ. ನನ್ನ ಹೆಸರು ಇಷ್ಟು ವರ್ಷ ಆದ್ರೂ ಯಾರೂ ಬರೆದಿಲ್ಲ, ನಿಮ್ಮದು ಬಂತು. ಹ್ಯಾಪಿ ಆಗ್ಬೇಕು ನೀವು!"

ಅವಳು ನಗುತ್ತಲೇ ಇದ್ದಳು. ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಬೆಳಗಾಗುವುದನ್ನೇ ಕಾದು ಪಾರ್ಕಿಗೆ ಓಡಿದೆ. "ಅವತ್ತು ಹೇಳಿದ್ದು ಯಾರಿಗೂ ಹೇಳಬೇಡಿ, ನಿಮ್ಮ ದಮ್ಮಯ್ಯ" ಎಂದೆ.

"ಯಾರಿಗೆ ಹೇಳ್ಲ್ರೀ ನಾ?" ಎಂದರು ಹುಬ್ಬಳ್ಳಿಯವರು. "ನಮ್ಮ ಸೊಸಿಗೆ ಅಷ್ಟ ಹೇಳೇನಿ. ನೀವಂದ ಆ ಹೊಲಸ ಮಾತ ಬಿಟ್ಟ ಹೇಳೇನಿ ಮತ್ತ. ಅಕಿಗೆ ಅಂಥಾ ಕಥಿ ಅಂದ್ರ ಭಾಳ ಹುಚ್ಚು. ಈ ಸಲ ಸಿನಿಮಾಕ್ಕ ಬರ್ತಾಳಂತ."

ಅಲ್ಲಿಂದ ತಿಂಗಳ ಕೊನೆಯ ಭಾನುವಾರದವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಆ ಹುಡುಗಿ ಕೆಟ್ಟವಳಲ್ಲ. ಅದೇ ಹೆದರಿಕೆ. ಕೆಟ್ಟವಳಾಗಿದ್ದರೆ ಗುಸುಗುಸು ಎನ್ನುತ್ತಿದ್ದಳು. ಒಳ್ಳೆಯವಳಾದ್ದರಿಂದ ಎದ್ದು ನಿಂತು, ಸಭೆಯಲ್ಲಿ, ಓಮಾರ ತಮ್ಮನ ಎದುರಿಗೇ ಕೇಳಿಬಿಡುತ್ತಾಳೆ. ಓಮಾರಿಗೆ ಮೊದಲೇ ಹೇಳಿಬಿಡೋಣವೆಂದು ಮೂರು ಸಲ ಬೀದಿ ದಾಟಿದೆ. ಮೂರು ಸಲವೂ ಅವರು ಬಾಗಿಲು ತೆರೆದು, "ತಲೆನೋವು ಹೋಯಿತೇ?" ಎಂದು ಕಾಫಿಗೆ ಕರೆದರು. ಕಾಫಿ ಕುಡಿದು ಬಂದೆ.

ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಹುಬ್ಬಳ್ಳಿಯವರ ಸೊಸೆ ಬಂದೊಡನೆ ಪಕ್ಕಕ್ಕೆ ಕರೆದೆ.

"ನೋಡಮ್ಮಾ, ಓಮಾರ ತಾಯಿಯ ವಿಷಯ ಇಲ್ಲಿ ಎತ್ತಬೇಡ."

"ಇಲ್ಲ ಅಂಕಲ್, ಎತ್ತಲ್ಲ" ಎಂದಳು. "ನಾನು ಎರಡು ವಾರದ ಹಿಂದೇನೇ ಅವರಿಗೆ ಮೆಸೇಜ್ ಮಾಡಿದ್ದೆ. ನಿಮ್ಮ ತಾಯಿ ಸ್ಟೋರಿ ಕೇಳಿ ತುಂಬ ಇನ್ಸ್‌ಪೈರ್ ಆಯ್ತು, ಸಿನಿಮಾ ಆದ್ಮೇಲೆ ಸ್ಟೇಜ್ ಮೇಲೆ ಹೇಳ್ತೀರಾ ಅಂತ. ನಾನೇ ಡಚ್‌ನಲ್ಲಿ ಬರೆದೆ, ಗೊತ್ತಾ! ಅವ್ರು ಬೇಡ ಅಂದ್ರು. ಹೊರಗೆ ಬಂದಿದೆ ಅಂದ್ಮೇಲೆ ಮೊದಲು ನನ್ನ ತಮ್ಮನಿಗೆ ನಾನೇ ಹೇಳಬೇಕು ಅಂತ ರಿಪ್ಲೈ ಮಾಡಿದ್ರು. ಹೋದ ವಾರ ಮಾಸ್ಟ್ರಿಕ್ಟ್‌ಗೆ ಹೋಗಿ ಬಂದ್ರಂತೆ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕಂಕಲ್? ಸೀಕ್ರೆಟ್ ಆಗಿತ್ತಾ ಅದು? ಮಾವ ಹೇಳ್ಲೇ ಇಲ್ಲ."

ಎರಡು ವಾರ. ಹಾಗಾದರೆ ನಾನು ಮೂರು ಸಲ ಕಾಫಿ ಕುಡಿದಾಗಲೂ ಅವರಿಗೆ ಗೊತ್ತಿತ್ತು. ಅವರು ಆ ಕಥೆ ಹೇಳಿದ್ದು ಈ ಊರಿನಲ್ಲಿ ಒಬ್ಬನಿಗೆ ಮಾತ್ರ.

ಮುಂದಿನ ಸಾಲಿನ ತುದಿಯಲ್ಲಿ ನೀಲಿ ಸ್ಕಾರ್ಫ್ ಹಾಸಿತ್ತು. ಕುರ್ಚಿ ಖಾಲಿಯಿತ್ತು. ಮೂರು ಗಂಟೆಯಾಯಿತು. ಓಮಾ ಬಾಗಿಲ ಕಡೆ ನೋಡಿದರು, ಗಡಿಯಾರ ನೋಡಿದರು. ಐದು ನಿಮಿಷ ಕಾದರು. ಆಮೇಲೆ ಮುಂದೆ ಬಂದು ನಿಂತರು. ಆ ದಿನ ಎರಡೂ ಕಾಲೂರಿ ನಿಂತಿದ್ದರು. "ಹಗ್ಗದ ಹಿಂದೆ ನಿಂತವರನ್ನು ನೋಡಿ" ಎಂದಷ್ಟೇ ಹೇಳಿ ದೀಪ ಆರಿಸಿದರು.

ನಾನು ಕೊನೆಯ ಸಾಲಿನಲ್ಲಿ ಮುದುಡಿ ಕೂತಿದ್ದೆ. ಅವರು ಕತ್ತಲಲ್ಲಿ ತಡವುತ್ತ ಬಂದು ನನ್ನ ಪಕ್ಕದಲ್ಲೇ ಕೂತರು. ಮೂಲೆಯಲ್ಲಿ ಮೊದಲ ಚುಕ್ಕಿ ಮಿಂಚಿತು. ನನ್ನ ಕೈ ಎದ್ದಿತು. ಅವರು ತಟ್ಟಲಿಲ್ಲ. ಆ ಏಳೆಂಟು ಸೆಕೆಂಡು ನನ್ನ ಕೈ ಗಾಳಿಯಲ್ಲೇ ನಿಂತಿತ್ತು, ಇಳಿಸುವ ಧೈರ್ಯವೂ ಇರಲಿಲ್ಲ. ಎರಡನೆಯ ಚುಕ್ಕಿಗೆ ಅವರ ಬೆರಳುಗಳು ಬಂದವು. ಕೈಯನ್ನು ಕೆಳಗಿಳಿಸಿ ಸುಮ್ಮನೆ ಪರದೆ ನೋಡುತ್ತ ಕೂತರು.

ಆಮೇಲೂ ಕಾಫಿಗೆ ಕರೆಯುತ್ತಿದ್ದರು. ನಾನೂ ಹೋಗುತ್ತಿದ್ದೆ. ತಮ್ಮನ ಮಾತು ಬರುತ್ತಿರಲಿಲ್ಲ, ತಾಯಿಯ ಮಾತಂತೂ ಇಲ್ಲವೇ ಇಲ್ಲ. ಸ್ಕಾರ್ಫ್ ಪ್ರತಿ ತಿಂಗಳೂ ಅದೇ ಕುರ್ಚಿಯ ಮೇಲೆ ಹಾಸಿರುತ್ತಿತ್ತು, ಆ ಕುರ್ಚಿಗೆ ಯಾರೂ ಬರಲಿಲ್ಲ. ನನಗೆ ಹೊಸ ಕಾಯಿಲೆಯೊಂದು ಹತ್ತಿತು. ಹೋದಾಗಲೆಲ್ಲ ಕಕ್ಕಸಿಗೆ ಹೋಗುವುದು, ಕ್ಯಾಲೆಂಡರಿನ ಪುಟ ತಿರುವಿ ಜೂನ್ ತೆಗೆಯುವುದು, ನನ್ನ ಹೆಸರು ಇದೆಯೋ ಹೊಡೆದುಹಾಕಿದ್ದಾರೋ ನೋಡುವುದು. ಇರುತ್ತಿತ್ತು. ಆದರೂ ಮುಂದಿನ ಸಲಕ್ಕೆ ಮತ್ತೆ ಅದೇ ಭಯ. ಯಾವ ಹೆಸರು ಅಲ್ಲಿದ್ದುದಕ್ಕೆ ಅಷ್ಟು ಉರಿದುಕೊಂಡಿದ್ದೆನೋ ಅದು ಅಲ್ಲಿಂದ ಹೋಗಿಬಿಟ್ಟರೆ ಎಂದು ನಡುಗುತ್ತಿದ್ದೆ.

ಡಿಸೆಂಬರಿನ ಒಂದು ಮಧ್ಯಾಹ್ನ ಕುರ್ಚಿಯಿಂದ ಏಳುತ್ತಿದ್ದ ನನ್ನನ್ನು ನೋಡಿ ಓಮಾ ಅಂದರು: "ನನ್ನ ಮನೆಯಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಹೊರಗೆ ಡಿಸೆಂಬರ್. ಕಕ್ಕಸಿನಲ್ಲಿ ಯಾವಾಗಲೂ ಜೂನ್."

ತಿರುವಿದ ಪುಟವನ್ನು ಹಿಂದಕ್ಕೆ ಹಾಕುವುದನ್ನು ನಾನು ಮರೆಯುತ್ತಿದ್ದೆ.

"ಹೆಸರು ಇದೆ" ಎಂದರು. "ಪ್ರತಿ ಸಲ ಹೋಗಿ ನೋಡಬೇಡಿ. ಕಾಫಿ ಆರುತ್ತದೆ."

ಅದು ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ. ಬಾಗಿಲು ಅವರೇ ತೆರೆದು ಹಿಡಿದಿದ್ದರು. "ತಪ್ಪಾಯಿತು" ಎನ್ನಲು ಎಸ್ಸೆಸ್ಸೆಲ್ಸಿಯ ಇಂಗ್ಲಿಷೂ ಬೇಡ, ಅಷ್ಟು ಯಾರಿಗಾದರೂ ಬರುತ್ತದೆ. ನಾನು ಕೂತು ಕಾಫಿ ಕುಡಿದೆ. ಚೆನ್ನಾಗಿದೆ ಎಂದೆ.

ಫೆಬ್ರವರಿಯಲ್ಲಿ ಅವರಿಗೆ ನ್ಯುಮೋನಿಯ ಆಯಿತು. ಆಸ್ಪತ್ರೆಗೆ ಸೇರಿದ ಐದನೆಯ ದಿನ ಹೋಗಿಬಿಟ್ಟರು. ಅಂತ್ಯಕ್ರಿಯೆಯಲ್ಲಿ ತಮ್ಮನನ್ನು ದೂರದಿಂದ ನೋಡಿದೆ. ಹತ್ತಿರ ಹೋಗಲಿಲ್ಲ.

ವಾರದ ಮೇಲೆ ಬೆಳಗ್ಗೆ ಹನ್ನೊಂದಕ್ಕೆ ಕರೆಗಂಟೆಯ ಸದ್ದಾಯಿತು. ಮಗಳು ಕೆಲಸಕ್ಕೆ ಹೋಗಿದ್ದಳು. ಬಾಗಿಲಲ್ಲಿ ಆ ತಮ್ಮ, ಕೈಯಲ್ಲಿ ಸುತ್ತಿದ ಕ್ಯಾಲೆಂಡರು. ಅಕ್ಕನ ಮನೆ ಖಾಲಿ ಮಾಡಿಸುತ್ತಿದ್ದರು. ಒಳಗೆ ಕರೆದು ಕೂರಿಸಿ ಕಾಫಿ ಮಾಡಿಕೊಟ್ಟೆ.

"ನೀವೇ ಆ ಆಪರೇಟರ್ ಅಲ್ಲವೇ?" ಎಂದರು. "ಇದರಲ್ಲಿ ನಿಮ್ಮ ಹೆಸರಿದೆ. ನನಗೊಂದು ಅರ್ಥವಾಗಲಿಲ್ಲ. ನನ್ನ ಅಕ್ಕ ಎಲ್ಲವನ್ನೂ ಒಪ್ಪವಾಗಿಡುವವಳು. ಫೆಬ್ರವರಿಯಲ್ಲಿ ಸತ್ತಳು. ಕ್ಯಾಲೆಂಡರು ಜೂನ್ ಪುಟದಲ್ಲಿತ್ತು. ಬೀಳದ ಹಾಗೆ ಕ್ಲಿಪ್ ಬೇರೆ ಹಾಕಿದ್ದಳು. ಯಾಕೆ, ನಿಮಗೇನಾದರೂ ಗೊತ್ತೇ?"

ನಾನು ಹುಡುಕುವ ತೊಂದರೆ ಬೇಡವೆಂದು ಅವರೇ ತೆರೆದಿಟ್ಟಿದ್ದರು. ಡಿಸೆಂಬರಿನಲ್ಲಿ ಬಾರದ ಮಾತು ಆಗ ಬಂತು. ಎಲ್ಲ ಹೇಳಿದೆ. ಕಕ್ಕಸಿನಲ್ಲಿ ಹೆಸರು ಕಂಡು ಉರಿದದ್ದು, ಪಾರ್ಕಿನಲ್ಲಿ ಆಡಿದ್ದು, ಅಕ್ಕ ಅವರ ಹಳ್ಳಿಗೆ ಹೋಗಬೇಕಾಗಿ ಬಂದದ್ದು ನನ್ನ ನಾಲಿಗೆಯಿಂದ ಎಂಬುದು. ಆಡಿದ ಆ ಶಬ್ದವನ್ನೂ ಬಿಡಲಿಲ್ಲ.

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ" ಎಂದರು. "ನೀವು ನನಗೆ ಯಾರು? ಅವಳ ಮೇಲೆ ಸಿಟ್ಟಿತ್ತು. ಇಷ್ಟು ವರ್ಷ ನನ್ನನ್ನು ಮಗುವಿನಂತೆ ನಡೆಸಿಕೊಂಡಳಲ್ಲ ಎಂದು. ಏಳು ತಿಂಗಳು ಫೋನ್ ಎತ್ತಲಿಲ್ಲ. ಆಸ್ಪತ್ರೆಗೆ ಹೋದಾಗ ಅವಳಿಗೆ ಮಾತು ನಿಂತಿತ್ತು. ಕಾಲು ತಣ್ಣಗಿತ್ತು. ಸಾಕ್ಸ್ ಹಾಕಿದೆ. ಅಷ್ಟೇ ಮಾಡಿದ್ದು."

ಏಳು ತಿಂಗಳು. ಅದು ನಾನು ತೆಗೆದುಕೊಂಡದ್ದು. ಯಾರಿಗೆ ಹೇಗೆ ಹಿಂದಿರುಗಿಸಲಿ?

ಹೊರಡಲು ಎದ್ದವರು ಹೊರಡಲಿಲ್ಲ. "ಅವಳು ಹೇಳಲು ಬಂದ ದಿನ ನಾನು ಪೂರ್ತಿ ಕೇಳಲಿಲ್ಲ. ಅರ್ಧಕ್ಕೇ ಎದ್ದು ಹೋದೆ. ಅಮ್ಮನ ಬಗ್ಗೆ ನಿಮಗೆ ಏನೇನು ಹೇಳಿದ್ದಳು?" ಎಂದರು. "ಈಗ ನಿಮ್ಮೊಬ್ಬರಿಗೇ ಗೊತ್ತಿರುವುದು."

ಒಮ್ಮೆ ಕೆಡಿಸಿದ ಕಥೆಯನ್ನು ಮತ್ತೆ ಹೇಳಬೇಕು, ಒಂದು ಶಬ್ದವೂ ಕಲೆಯಾಗದಂತೆ. ಹೇಳಿದೆ. ಹಡಗು, ಪಾದ್ರಿಯ ಮನೆಯ ಮೂರು ತಿಂಗಳು, ಹಗ್ಗ, ಗಂಟೆ, ಗುಂಡಿ ಡಬ್ಬಿಯ ಟಿಕೆಟ್ಟುಗಳು, ಒಬ್ಬಳೇ ಮೆಟ್ಟಿಲಿಳಿದು ಬಂದದ್ದು. ಶೂ ಕಳಚಿ ಒಂದೊಂದೇ ಕಾಲಿಗೆ ರಜೆ ಕೊಡುತ್ತಿದ್ದುದನ್ನು ಹೇಳುವಾಗ ಅವರು ನನಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದರು. ನಾನು ಅವರ ಕಾಲಿನ ಕಡೆ ನೋಡಲಿಲ್ಲ.

ಇದನ್ನು ಬರೆಯುವ ಮುನ್ನ ಅವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ಈ ಸಲ ಮೊದಲು ಕೇಳಿದೆ. "ಬರೆಯಿರಿ" ಎಂದರು, "ಹೆಸರುಗಳು ಬೇಡ." ಅವರು ಅಂದು ಬಿಟ್ಟುಹೋದ ಕ್ಯಾಲೆಂಡರು ಈಗ ನಮ್ಮ ಮನೆಯ ಕಕ್ಕಸಿನಲ್ಲಿದೆ. ಓಮಾ ಹುಟ್ಟಿದ ತಿಂಗಳ ಪುಟದಲ್ಲಿ ಅವರ ಹೆಸರನ್ನು ನಾನೇ ಕನ್ನಡದಲ್ಲಿ ಬರೆದೆ. ಇಲ್ಲಿಯವರು ಹೋದವರ ಹೆಸರಿನ ಮುಂದೆ ಹಾಕುವ ಪುಟ್ಟ ಶಿಲುಬೆಯನ್ನೂ ಹಾಕಿದೆ. ಆಮೇಲೆ ಪುಟ ತಿರುವಿ ಮತ್ತೆ ಜೂನ್ ಮಾಡಿ, ಅವರು ಹಾಕಿದ್ದ ಕ್ಲಿಪ್ಪನ್ನು ಅಲ್ಲಿಗೇ ಹಾಕಿದೆ.